ಡಯಲ್ ಮೇಲಿನ ಹೊಳಪು ಮತ್ತು ಅದರ ಮುಪ್ಪು

ಸಭಿಕರೇ,

ಹುಬ್ಬಳ್ಳಿಯ ಗ್ಯಾರೇಜುಗಳಿರುವ ಯಾವ ಓಣಿಗೆ ಹೋದರೂ ‘ರೇಡಿಯಂ ಕಟಿಂಗ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಗಾಡಿಗಳ ನಂಬರ್ ಪ್ಲೇಟಿಗೆ ಅಂಟಿಸುವ ಆ ಸ್ಟಿಕ್ಕರಿನಲ್ಲಿ ರೇಡಿಯಂ ಎಳ್ಳಷ್ಟೂ ಇರುವುದಿಲ್ಲ. ಬೆಳಕು ಬಿದ್ದರೆ ಅದನ್ನು ತಿರುಗಿ ಎಸೆಯುವ ಹಾಳೆ ಅದು. ಆದರೂ ಕತ್ತಲಲ್ಲಿ ಮಿನುಗುವ ಎಲ್ಲಕ್ಕೂ ನಮ್ಮ ಕಡೆ ಇವತ್ತಿಗೂ ರೇಡಿಯಂ ಎಂದೇ ಹೆಸರು. ಆ ಹೆಸರು ಬಂದದ್ದು ಒಂದು ಕಾಲದಲ್ಲಿ ಗಡಿಯಾರಗಳ ಡಯಲ್ ಮೇಲೆ ನಿಜವಾಗಿಯೂ ಇದ್ದ ರೇಡಿಯಂನಿಂದ. ಇಂದು ನಾನು ಮಾತನಾಡಬೇಕಾದದ್ದು ಆ ಹಳೆಯ ಡಯಲ್‌ಗಳ ಮಾದರಿಯಲ್ಲಿ ಹೊಸದಾಗಿ ಮಾಡುವ ಡಯಲ್‌ಗಳಿಗೆ ಹೊಳೆಯುವ ಬಣ್ಣ ತುಂಬುವ ಬಗೆ ಮತ್ತು ಆ ಬಣ್ಣಕ್ಕೆ ಮುಪ್ಪಿನ ಛಾಯೆ ಕೊಡುವ ಬಗೆಯನ್ನು ಕುರಿತು. ಬಣ್ಣ ಕಂದಾದರೆ ಹಳೆಯದಾಯಿತು ಎಂದು ತಿಳಿಯುವವರೇ ಹೆಚ್ಚು. ಆದರೆ ಹಳೆಯ ಹೊಳಪುಗಳೆಲ್ಲ ಒಂದೇ ರೀತಿಯಲ್ಲಿ ಸತ್ತಿಲ್ಲ. ಯಾವುದು ಹೇಗೆ ಸತ್ತಿತೆಂದು ತಿಳಿಯದೆ ಹಚ್ಚಿದ ಮುಪ್ಪು ನಾಟಕದ ಬಿಳಿ ಗಡ್ಡದಂತೆ ದೂರದಿಂದಲೇ ಗೊತ್ತಾಗಿಬಿಡುತ್ತದೆ.

ಕ್ಯೂರಿ ದಂಪತಿಗಳು ರೇಡಿಯಂ ಅನ್ನು ಕಂಡುಹಿಡಿದದ್ದು 1898ರಲ್ಲಿ. ಅದರ ಲವಣವನ್ನು ಸತುವಿನ ಸಲ್ಫೈಡ್ ಪುಡಿಯೊಂದಿಗೆ ಬೆರೆಸಿದರೆ, ರೇಡಿಯಂನಿಂದ ಹೊರಡುವ ಕಣಗಳು ಸಲ್ಫೈಡಿನ ಹರಳುಗಳಿಗೆ ಬಡಿದು, ಹೊರಗಿನ ಬೆಳಕಿನ ಹಂಗಿಲ್ಲದೆ ಹಗಲೂ ರಾತ್ರಿ ಮಿನುಗು ಹುಟ್ಟುತ್ತದೆ. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಈ ಬಣ್ಣ ತುಂಬುತ್ತಿದ್ದ ಹೆಣ್ಣುಮಕ್ಕಳ ದವಡೆಯ ಎಲುಬು ಕೊಳೆತದ್ದು, ಅವರಲ್ಲಿ ಐವರು ಹೂಡಿದ ದಾವೆ 1928ರಲ್ಲಿ ರಾಜಿಯಲ್ಲಿ ಮುಗಿದದ್ದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ನಮ್ಮ ಕೆಲಸಕ್ಕೆ ಬೇಕಾದದ್ದು ಇದರ ಇನ್ನೊಂದು ಮಗ್ಗುಲು. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. 1940ರ ಡಯಲ್ ಒಂದರಲ್ಲಿ ಆಗ ಹಚ್ಚಿದ ರೇಡಿಯಂನ ನೂರಕ್ಕೆ 96ರಷ್ಟು ಇವತ್ತಿಗೂ ಹಾಗೆಯೇ ಇದೆ. ಆದರೂ ಆ ಡಯಲ್ ಕತ್ತಲಲ್ಲಿ ಹೊಳೆಯುವುದಿಲ್ಲ, ಏಕೆಂದರೆ ದಿನವೂ ಪೆಟ್ಟು ತಿಂದ ಸಲ್ಫೈಡಿನ ಹರಳುಗಳು ಕೆಲವೇ ವರ್ಷಗಳಲ್ಲಿ ಸೋತುಹೋಗಿವೆ. ದೀಪ ಆರಿದೆ, ಒಲೆ ಇನ್ನೂ ಉರಿಯುತ್ತಿದೆ. ಆ ಉರಿಗೆ ಬಣ್ಣದ ಅಂಟೂ ಸುಟ್ಟು, ನಮ್ಮ ಧಾರವಾಡ ಫೇಡೆಯ ಬಣ್ಣಕ್ಕೆ ತಿರುಗಿ, ಫೇಡೆಯಂತೆಯೇ ತರಿತರಿಯಾಗಿ ಬಿರಿಯುತ್ತದೆ. ಚಾವಿ ಕೊಡದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಗಡಿಯಾರದ ಮುಳ್ಳುಗಳು ನಿಂತಲ್ಲೇ ಡಯಲ್ ಮೇಲೆ ಕಂದು ನೆರಳು ಮೂಡಿರುವುದನ್ನು ನೀವು ನೋಡಿರಬಹುದು. ಅದು ಕೊಳೆಯಲ್ಲ, ಸುಟ್ಟ ಗುರುತು.

ಸ್ವಿಸ್ ಗಡಿಯಾರಗಳು 1960ರ ದಶಕದಿಂದ ರೇಡಿಯಂ ಬಿಟ್ಟು ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಬಗೆಯ ಹೈಡ್ರೋಜನ್, ಕಡೆಗೆ ಹೊರಳಿದವು. ಡಯಲ್‌ನ ತಳದಲ್ಲಿ, ಆರರ ಅಂಕಿಯ ಕೆಳಗೆ ‘ಸ್ವಿಸ್’ ಎಂಬ ಅಕ್ಷರಗಳ ಎರಡು ಬದಿಗೆ ‘ಟಿ’ ಇದ್ದರೆ ಅದು ಟ್ರಿಟಿಯಂನ ಗುರುತು. ಇದರ ಅರ್ಧಾಯುಷ್ಯ 12.3 ವರ್ಷ ಮಾತ್ರ. 37 ವರ್ಷ ಕಳೆದರೆ ಎಂಟರಲ್ಲೊಂದು ಪಾಲು ಉಳಿಯುತ್ತದೆ. ಇಲ್ಲಿ ಆರಿದ್ದು ಒಲೆಯೇ. ಆದ್ದರಿಂದ ಇದರ ಮುಪ್ಪು ಸೌಮ್ಯ: ಕಾಯಿಸಿದ ಹಾಲಿನ ಕೆನೆಯಿಂದ ಜೇನಿನವರೆಗಿನ ಬಣ್ಣ, ಮೈ ನುಣುಪು, ತೇವ ತಗುಲಿದ್ದರೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ.

ಈಗ ನಾವು ಬಳಸುವ ಪುಡಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್, ಅದರಲ್ಲಿ ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ ಎಂಬ ಧಾತುಗಳ ಲೇಶ. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಇದನ್ನು ಹೊರತಂದಿತು. ಇದರಲ್ಲಿ ವಿಕಿರಣವಿಲ್ಲ, ಬೆಳಕು ಕುಡಿದು, ಗಂಟೆಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಇದಕ್ಕೆ ಎರಡು ಶತ್ರುಗಳು, ಖಲಬತ್ತು ಮತ್ತು ನೀರು. ಪುಡಿ ದಪ್ಪಗಿದೆಯೆಂದು ಅರೆದರೆ ಕಾಳು ಒಡೆದು ಹೊಳಪು ಕುಂದುತ್ತದೆ. ನೀರು ಬೆರೆತರೆ ಪುಡಿಯೇ ರಾಸಾಯನಿಕವಾಗಿ ಒಡೆಯುತ್ತದೆ. ಇದನ್ನು ನಾನು ಓದಿ ಕಲಿಯಲಿಲ್ಲ. ಹಳೆಯ ಬಣ್ಣ ಬರಲೆಂದು ಚಹಾದ ಡಿಕಾಕ್ಷನ್ ಹಾಕಿ ಕಲಸಿದ್ದೆ. ಬಣ್ಣ ಬಲು ಚಂದ ಬಂತು, ಕತ್ತಲಲ್ಲಿ ನೋಡಿದರೆ ಡಯಲ್ ಎಲ್ಲಿದೆ ಎಂದೇ ತಿಳಿಯಲಿಲ್ಲ.

ಆದ್ದರಿಂದ ಪುಡಿಯನ್ನು ಅದಕ್ಕೆಂದೇ ಬರುವ ಪಾರದರ್ಶಕ ವಾರ್ನಿಷಿನಲ್ಲಿ ಕಲಸಬೇಕು. ತೂಕದಲ್ಲಿ ಹೆಚ್ಚುಕಡಿಮೆ ಸಮಸಮ ಎಂದು ಆರಂಭಿಸಿ, ಸೂಜಿಯಿಂದ ಎತ್ತಿದರೆ ಒಂದೆಳೆ ಪಾಕದಂತೆ ಇಳಿಯುವ ಹದಕ್ಕೆ ತರಬೇಕು. ಕುಂಚ ಬೇಡ. ಗಡಿಯಾರಕ್ಕೆ ಎಣ್ಣೆ ಬಿಡುವ ಸಣ್ಣ ಕಡ್ಡಿಯೇ ಒಳ್ಳೆಯದು. ಡಯಲ್ ಕಪ್ಪಾಗಿದ್ದರೆ ಮೊದಲು ತೆಳುವಾಗಿ ಬಿಳಿ ಹಚ್ಚಿ ಒಣಗಿಸಿರಿ, ಇಲ್ಲವಾದರೆ ಹುಟ್ಟಿದ ಬೆಳಕನ್ನು ಕೆಳಗಿನ ಕಪ್ಪೇ ನುಂಗುತ್ತದೆ. ಕಣ್ಣಿಗೆ ಐ-ಗ್ಲಾಸ್ ಸಿಕ್ಕಿಸಿಕೊಂಡು, ಅಂಕಿಯ ನಡುವೆ ಒಂದು ಹನಿ ಇಟ್ಟು, ಸೂಜಿಯ ಮೊನೆಯಿಂದ ಆ ಹನಿಯನ್ನು ಅಂಚಿನ ಕಡೆಗೆ ಕರೆದೊಯ್ಯಬೇಕು. ಅಂಚು ಮುಟ್ಟಿದ ಹನಿ ತಾನಾಗಿಯೇ ಅಲ್ಲಿ ನಿಲ್ಲುತ್ತದೆ, ರಂಗೋಲಿಯ ಗೆರೆಯೊಳಗೆ ಬಣ್ಣ ನಿಲ್ಲುವ ಹಾಗೆ. ಮೇಲೆ ಪೊರೆ ಕಟ್ಟಲು ತೊಡಗಿದ ಮೇಲೆ ತಿದ್ದಲು ಹೋಗಬಾರದು. ತಿದ್ದಿದಷ್ಟೂ ಕೆನೆ ಸುಕ್ಕಾಗುತ್ತದೆ. ಒಮ್ಮೆಗೇ ದಪ್ಪ ಹಚ್ಚುವುದಕ್ಕಿಂತ, ಒಂದು ದಿನ ಬಿಟ್ಟು ಎರಡನೆಯ ತೆಳು ಲೇಪ ಕೊಡುವುದು ಮೇಲು.

ಮುಳ್ಳುಗಳ ಮಾತು ಬೇರೆ. ನಡುವೆ ಸೀಳಿರುವ ಮುಳ್ಳನ್ನು ಬೋರಲು ಹಾಕಿ, ಹಿಂಬದಿಯಿಂದ ಹನಿಯನ್ನು ಸೀಳಿನುದ್ದಕ್ಕೂ ಎಳೆಯಬೇಕು. ಸಾಬೂನಿನ ನೀರು ತಂತಿಯ ಬಳೆಯಲ್ಲಿ ಹಾಳೆಯಾಗಿ ನಿಲ್ಲುವಂತೆ ಬಣ್ಣ ಆ ಸೀಳಿನಲ್ಲಿ ನಿಲ್ಲುತ್ತದೆ. ನನ್ನ ಕೈಯಲ್ಲಿ ರಿಪೇರಿಯಾಗಿ ಹೋದ ಗಡಿಯಾರವೊಂದು, ಎರಡು ಮುಳ್ಳುಗಳು ಒಂದರ ಮೇಲೊಂದು ಬರುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತಿತ್ತು. ಅದರ ಯಜಮಾನರು ಮೂರು ಸಲ ತಂದರು, ನಾನು ಮೂರು ಸಲವೂ ಮಷಿನ್ ಬಿಚ್ಚಿದೆ. ದೋಷವಿದ್ದದ್ದು ನಿಮಿಷದ ಮುಳ್ಳಿನ ಹಿಂದೆ ಉಬ್ಬಿಕೊಂಡಿದ್ದ ಬಣ್ಣದಲ್ಲಿ; ಅದು ಗಂಟೆಯ ಮುಳ್ಳಿಗೆ ತಗುಲುತ್ತಿತ್ತು. ಅಂದಿನಿಂದ, ಬಣ್ಣ ತುಂಬಿದ ಮುಳ್ಳುಗಳನ್ನು ಕೂರಿಸಿದ ಮೇಲೆ ಗಡಿಯಾರವನ್ನು ಅಡ್ಡ ಹಿಡಿದು, ಹನ್ನೆರಡು ಗಂಟೆಯ ಸುತ್ತು ಪೂರ್ತಿ ಕೈಯಿಂದ ತಿರುಗಿಸಿ ನೋಡದೆ ಗಾಜು ಹಾಕುವುದಿಲ್ಲ.

ಇನ್ನು ಮುಪ್ಪು. ಚಿತ್ರಕಾರರು ಬಳಸುವ ಒಣ ಬಣ್ಣದ ಪುಡಿಗಳಲ್ಲಿ ಹಳದಿ ಮಣ್ಣು, ಸುಟ್ಟ ಕಂದು ಮತ್ತು ಕಪ್ಪು, ಈ ಮೂರು ಸಾಕು. ಅವನ್ನು ಮೊದಲು ವಾರ್ನಿಷಿನಲ್ಲಿ ಚೆನ್ನಾಗಿ ಅರೆದು, ಆಮೇಲೆ ಹೊಳೆಯುವ ಪುಡಿಯನ್ನು ಅರೆಯದೆ ಬರಿದೇ ಕಲಸಬೇಕು. ಅಳತೆ ಸೂಜಿಯ ಮೊನೆಯಷ್ಟೇ. ಬ್ಯಾಡಗಿ ಮೆಣಸಿನ ಪುಡಿ ಹಾಕಿದ ಕೈಯಿಂದ ಇದನ್ನು ಹಾಕಿದರೆ ಕೆಟ್ಟಿತು, ಏಕೆಂದರೆ ಬೆರೆಸಿದ ಪ್ರತಿ ಕಂದು ಕಣವೂ ಒಳಗೆ ಹೋಗುವ ಬೆಳಕನ್ನೂ ಹೊರಗೆ ಬರುವ ಬೆಳಕನ್ನೂ ತಡೆಯುತ್ತದೆ. ಫೇಡೆಯ ಬಣ್ಣ ಮತ್ತು ಬೆಳಗಿನವರೆಗಿನ ಹೊಳಪು, ಎರಡೂ ಬೇಕೆನ್ನುವ ಗಿರಾಕಿಗೆ ನಾನು ಆಗುವುದಿಲ್ಲ ಎಂದೇ ಹೇಳುತ್ತೇನೆ. ಒದ್ದೆ ಬಣ್ಣವನ್ನು ನಂಬಬೇಡಿರಿ. ಗಾಜಿನ ತುಂಡಿನ ಮೇಲೆ ಐದಾರು ಚುಕ್ಕೆ ಇಟ್ಟು, ಒಂದು ದಿನ ಒಣಗಿಸಿ, ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲ ಬಳಿ ಹಗಲ ಬೆಳಕಿನಲ್ಲಿ ಹೋಲಿಸಿರಿ.

ಡಯಲ್ ರೇಡಿಯಂ ಕಾಲದ ಮಾದರಿಯದಾದರೆ ಬಣ್ಣವನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ ಮೈ ತರಿಯಾಗಿರಲು ಬಿಡಬಹುದು. ಟ್ರಿಟಿಯಂ ಕಾಲದ್ದಾದರೆ ಮೈ ನುಣುಪಾಗಿಯೇ ಇರಲಿ, ಕೆನೆಯ ಛಾಯೆ ದಾಟಬೇಡಿರಿ. ಹಳೆಯ ಗಡಿಯಾರಗಳಲ್ಲಿ ಮುಳ್ಳಿನ ಬಣ್ಣವೂ ಡಯಲ್ ಬಣ್ಣವೂ ತುಸು ಬೇರೆಯಾಗಿಯೇ ಮಾಗಿರುವುದು ಸಾಮಾನ್ಯ. ಎರಡನ್ನೂ ಒಂದೇ ಬಟ್ಟಲಿನಿಂದ ತುಂಬಿದ ಕೆಲಸ ಅಲ್ಲಿಯೇ ಸಿಕ್ಕಿಬೀಳುತ್ತದೆ. ಮುಳ್ಳು ಸುಟ್ಟ ನೆರಳನ್ನು ಹೊಸ ಡಯಲ್ ಮೇಲೆ ಬರೆಯುವವರನ್ನೂ ಕಂಡಿದ್ದೇನೆ. ಅದು ನನ್ನ ರುಚಿಗೆ ಒಗ್ಗುವುದಿಲ್ಲ.

ಮೋಸದ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಎಚ್‌ಎಂಟಿ ಕಂಪನಿಯ ಹಳೆಯ ‘ಪೈಲಟ್’ ಮಾದರಿಯ ಗಡಿಯಾರಗಳ ಡಯಲ್‌ಗಳಿಗೆ ಹೊಸದಾಗಿ ಬಣ್ಣ ಹೊಡೆದು ಮೂಲದ್ದೆಂದು ಮಾರುವುದು ಸಂಗ್ರಾಹಕರಿಗೆಲ್ಲ ಗೊತ್ತಿರುವ ಸಂಗತಿ. ಪರೀಕ್ಷೆ ಸುಲಭ: ನೇರಳಾತೀತ ಟಾರ್ಚನ್ನು ಒಂದು ನಿಮಿಷ ಹಿಡಿದು ಆರಿಸಿರಿ. ಹಳೆಯ ಸಲ್ಫೈಡ್ ಬಣ್ಣ ಬೇಗನೆ ಮಂಕಾಗುತ್ತದೆ, ಈಗಿನ ಪುಡಿ ಹಸಿರಾಗಿ ಉರಿಯುತ್ತಲೇ ಇರುತ್ತದೆ. ನಾನು ಬಣ್ಣ ತುಂಬಿದ ಗಡಿಯಾರದ ಬಿಲ್ಲಿನಲ್ಲಿ ‘ಹೊಳಪು ಹೊಸದು, ಮುಪ್ಪು ಹಚ್ಚಿದ್ದು’ ಎಂದು ಬರೆದು ತಾರೀಖು ಹಾಕುತ್ತೇನೆ. ಇದರಿಂದ ಕಳೆದುಕೊಂಡ ಗಿರಾಕಿಗಳೂ ಇದ್ದಾರೆ.

ಇಂದು ಮನೆಯಿಂದ ಹಳೆಯ ಗಡಿಯಾರ ತಂದವರು ಅದನ್ನು ಮೇಜಿನ ಮೇಲಿಡಬಹುದು, ಆದರೆ ಯಾರೂ ಗಾಜು ತೆಗೆಯಬಾರದೆಂದು ಕೇಳಿಕೊಳ್ಳುತ್ತೇನೆ. ರೇಡಿಯಂ ಬಣ್ಣ ಬಿರಿದಿದ್ದರೆ ಅದರ ಧೂಳು ಉಸಿರಿನೊಂದಿಗೆ ಒಳಗೆ ಹೋಗುವುದೇ ನಿಜವಾದ ಅಪಾಯ. ಅಂಥ ಡಯಲ್ ಅನ್ನು ಕೆರೆಯುವ ಕೆಲಸ ನಾನೂ ಮಾಡುವುದಿಲ್ಲ. ಈಗ ದಯವಿಟ್ಟು ಕಿಟಕಿಗಳನ್ನು ಮುಚ್ಚಿ ದೀಪ ಆರಿಸಿದರೆ, ಒಂದೇ ಪುಡಿಯಿಂದ ತುಂಬಿದ ಮೂರು ಡಯಲ್‌ಗಳನ್ನು ತೋರಿಸುತ್ತೇನೆ: ಒಂದು ಶುದ್ಧ ಪುಡಿಯದು, ಒಂದು ಕೆನೆ ಬಣ್ಣದ್ದು, ಒಂದು ಫೇಡೆ ಬಣ್ಣದ್ದು. ಮೂರನೆಯದನ್ನು ಕಾಣಬೇಕಾದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಕಾಯಬೇಕಾಗುತ್ತದೆ.