ಮೊದಲು ಕತ್ತರಿ ತೊಳೆಯಿರಿ

ನಮಸ್ಕಾರ. ಹಿರಿಯೂರು ಕಡೆಯ ಒಂದು ದಾಳಿಂಬೆ ತೋಟದಲ್ಲಿದ್ದೇನೆ. ಈ ಹಣ್ಣು ನೋಡಿ. ಕಪ್ಪು ಚುಕ್ಕಿ, ಚುಕ್ಕಿ ನಡುವೆ ಸೀಳು. ದುಂಡಾಣು ಅಂಗಮಾರಿ. ಒಳಗಿನ ಕಾಳು ಚೆನ್ನಾಗಿದ್ದರೂ ಮಾರ್ಕೆಟ್‌ನಲ್ಲಿ ಇದಕ್ಕೆ ರೇಟಿಲ್ಲ.

ಇದು ಕ್ಸಾಂಥೊಮೊನಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಶಿಲೀಂಧ್ರವಾದರೆ ಎಲೆ ಕೊರೆದುಕೊಂಡೇ ಒಳಗೆ ಹೋಗಬಲ್ಲದು. ಇದಕ್ಕೆ ಆ ತಾಕತ್ತಿಲ್ಲ. ತೆರೆದ ಬಾಗಿಲೇ ಬೇಕು. ಎಲೆ ಉಸಿರಾಡುವ ಸಣ್ಣ ರಂಧ್ರ, ಇಲ್ಲವೇ ನಾವೇ ಪ್ರೂನಿಂಗ್ ಮಾಡಿ, ಅಂದರೆ ರೆಂಬೆ ಸವರಿ, ಬಿಟ್ಟ ಗಾಯ. ಒಳಗೆ ಸೇರಿದ ಮೇಲೆ ಸೂಜಿಯಂಥ ಕೊಳವೆ ಚಾಚಿ, ಗಿಡದ ಜೀವಕೋಶಕ್ಕೆ ತನ್ನ ಪ್ರೋಟೀನ್ ಚುಚ್ಚುತ್ತದೆ. ಗಿಡದ ಕಾವಲು ಮಂಕಾಗುತ್ತದೆ.

ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹತ್ತಿರವೂ ಇಂಥದ್ದೇ ಸೂಜಿಯಿದೆ! ಗಾಬರಿ ಬೇಡ, ದಾಳಿಂಬೆಯ ರೋಗ ನಮಗೆ ಅಂಟುವುದಿಲ್ಲ. ಆದರೆ ಸುಟ್ಟ ಗಾಯಕ್ಕೆ ಸೇರಿಕೊಳ್ಳುವ ಸ್ಯೂಡೊಮೊನಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ಇದೆಯಲ್ಲ, ಅದರ ಒಂದೇ ತಳಿ ಗಿಡಕ್ಕೂ ಇಲಿಗೂ ರೋಗ ತರುತ್ತದೆ ಎಂದು 1995ರಲ್ಲೇ ತೋರಿಸಿದ್ದಾರೆ.

ನನ್ನ ತಕರಾರು ಇಲ್ಲಿಂದ ಶುರು. ಚುಕ್ಕಿ ಕಂಡ ದಿನವೇ ನಾವು ಸ್ಟ್ರೆಪ್ಟೊಸೈಕ್ಲಿನ್ ಪುಡಿ ತಂದು ಹೊಡೆಯುತ್ತೇವೆ. ಅದರಲ್ಲಿರುವುದು ಏನು ಗೊತ್ತಾ? ಸ್ಟ್ರೆಪ್ಟೊಮೈಸಿನ್, ಜೊತೆಗೆ ಟೆಟ್ರಾಸೈಕ್ಲಿನ್. ಎರಡೂ ಆ್ಯಂಟಿಬಯಾಟಿಕ್. 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ಟಿಬಿ ರೋಗಿಗಳ ಜೀವ ಉಳಿಸಿದ ಔಷಧಿ. ಅದನ್ನು ಪಂಪಿಗೆ ಹಾಕಿ ಹೊಲಕ್ಕೆಲ್ಲ ಚೆಲ್ಲುವುದು, ನೆಗಡಿಗೂ ಆ್ಯಂಟಿಬಯಾಟಿಕ್ ಮಾತ್ರೆ ಕೇಳುವ ಅಭ್ಯಾಸ, ನನಗೆ ಎರಡೂ ಒಂದೇ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತದೆ. ಬಗ್ಗದಿರುವ ಗುಣವನ್ನು ಪಕ್ಕದ ಇನ್ನೊಂದು ಬ್ಯಾಕ್ಟೀರಿಯಾಗೂ ದಾಟಿಸಬಲ್ಲದು.

ದಾವಣಗೆರೆ ಕಡೆಯ ಭತ್ತದವರು, ಇದು ದಾಳಿಂಬೆಯವರ ಗೋಳು ಅಂತ ಸುಮ್ನೆ ನಗಬೇಡಿ. ಭದ್ರಾ ನಾಲೆಯ ಕೆಳಗೆ ಭತ್ತದ ಎಲೆ ತುದಿಯಿಂದ ಒಣಗುತ್ತದಲ್ಲ, ಆ ಎಲೆ ಅಂಗಮಾರಿಯೂ ಇದೇ ಕುಲದ್ದು. ಯೂರಿಯಾ ಜಾಸ್ತಿ ಸುರಿದರೆ ಅದಕ್ಕೆ ಹಬ್ಬ.

ಮಳೆಹನಿ ಚಿಮ್ಮಿ ರೋಗ ಹರಡುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ರೋಗದ ಗಿಡ ಸವರಿದ ಕತ್ತರಿಯನ್ನೇ ಪಕ್ಕದ ಗಿಡಕ್ಕೆ ಹಾಕುವವರು ನಾವೇ ಅಲ್ವಾ? ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್, ದ್ರಾವಣದಲ್ಲಿ ಅದ್ದಿ. ಕತ್ತರಿಸಿದ ರೆಂಬೆ, ಉದುರಿದ ಎಲೆ ಸುಟ್ಟುಹಾಕಿ.

ಇದನ್ನು ಹೇಳಿದಾಗ ಪಕ್ಕದ ತೋಟದ ಅಣ್ಣ ಕೇಳಿದರು: "ಗಿಡಗಿಡಕ್ಕೂ ಅದ್ದುತ್ತಾ ಕೂತರೆ ಕೂಲಿ ಯಾರಪ್ಪ ಕೊಡ್ತಾರೆ?" ನ್ಯಾಯವಾದ ಮಾತು. ಹಾಗಾದರೆ ಎರಡು ಕತ್ತರಿ ಇಟ್ಟುಕೊಳ್ಳಿ. ಒಂದು ಕೆಲಸ ಮಾಡಲಿ, ಇನ್ನೊಂದು ಬಕೆಟ್‌ನಲ್ಲಿ ನೆನೆಯಲಿ.