ಗೇಮ್ ಆಡೋದು ಒಳ್ಳೇದಾ ಕೆಟ್ಟದ್ದಾ? ಗಂಟೆ ಲೆಕ್ಕ ಹಾಕೋಕ್ ಮುಂಚೆ ಇದನ್ನ ನೋಡಿ

[ಸ್ಕ್ರೀನ್ ರೆಕಾರ್ಡಿಂಗ್: ಕೊನೇವರೆಗೂ ಉಳಿದೋರು ಗೆಲ್ಲೋ ಬಿಜಿಎಂಐ ಅನ್ನೋ ಮೊಬೈಲ್ ಗೇಮಿನ ಮ್ಯಾಚ್, ಕೊನೇ ಸರ್ಕಲ್, ಏಳೆಂಟು ಜನ ಮಾತ್ರ ಉಳಿದಿದ್ದಾರೆ]

ನಮಸ್ಕಾರ ಎಲ್ರಿಗೂ. ಅಡುಗೆಮನೆಯಿಂದ ಅಮ್ಮ "ಬಾರೋ, ಅನ್ನ ಆರೋಗ್ತಿದೆ" ಅಂತಾರೆ, ಇವ್ನು "ಎರಡೇ ನಿಮಿಷ ಅಮ್ಮಾ" ಅಂತಾನೆ, ಆ ಎರಡು ನಿಮಿಷ ಮುಗಿಯೋಷ್ಟ್ರಲ್ಲಿ ಸಾರಿನ ಮೇಲೆ ಕೆನೆ ಕಟ್ಟಿರುತ್ತೆ. ಯಾವ ಮನೇಲಿಲ್ಲ ಹೇಳಿ ಈ ಸೀನು. ಆಮೇಲೆ ಶುರು ಅದೇ ಜಗಳ, ಗೇಮ್ ಆಡಿದ್ರೆ ತಲೆ ಹಾಳಾಗುತ್ತೆ ಅಂತ ಅಪ್ಪ, ಗೇಮ್ ಆಡಿದ್ರೆ ಬ್ರೈನ್ ಶಾರ್ಪ್ ಆಗುತ್ತೆ ಅಂತ ಮಗ. ಮಜಾ ಏನಂದ್ರೆ ಇಬ್ರಿಗೂ ಗೂಗಲ್‌ನಲ್ಲಿ ಪ್ರೂಫ್ ಸಿಗುತ್ತೆ.

ಮೊದ್ಲು ಮಗನ ಪರ ವಾದ ಕೇಳೋಣ.

[ಸ್ಕ್ರೀನ್ ಮೇಲೆ: ಲ್ಯಾಪ್ರೋಸ್ಕೋಪಿ ಆಪರೇಷನ್ನಿನ ಅನಿಮೇಷನ್]

ಹೊಟ್ಟೆ ಕುಯ್ಯದೆ ಸಣ್ಣ ತೂತು ಮಾಡಿ ಆಪರೇಷನ್ ಮಾಡ್ತಾರಲ್ಲ, ಲ್ಯಾಪ್ರೋಸ್ಕೋಪಿ, ಅದರಲ್ಲಿ ಡಾಕ್ಟ್ರು ಪೇಷಂಟಿನ ಹೊಟ್ಟೆ ನೋಡಲ್ಲ, ಎದುರುಗಡೆ ಇರೋ ಟಿವಿ ನೋಡ್ತಾರೆ. ಕೈಯಲ್ಲಿ ಎರಡು ಉದ್ದನೆ ಕಡ್ಡಿ ಥರದ ಉಪಕರಣ, ಕೈ ಎಡಕ್ಕೆ ಹೋದ್ರೆ ಒಳಗಡೆ ಅದರ ತುದಿ ಬಲಕ್ಕೆ ಹೋಗುತ್ತೆ, ಮಾಮೂಲಿ ಸ್ಕ್ರೀನ್‌ನಲ್ಲಿ ಆಳಾನೂ ಸರಿಯಾಗಿ ಗೊತ್ತಾಗಲ್ಲ. ಕೇಳಿದ್ರೆ ಥೇಟ್ ಗೇಮ್ ಅನ್ಸುತ್ತೆ ಅಲ್ವಾ? ಜೇಮ್ಸ್ ರೋಸರ್ ಅನ್ನೋ ಅಮೆರಿಕದ ಸರ್ಜನ್‌ಗೂ ಹಾಗೇ ಅನ್ನಿಸ್ತು, ಅವರ ಟೀಮು 33 ಜನ ಸರ್ಜನ್‌ಗಳನ್ನ ಟೆಸ್ಟ್ ಮಾಡಿ 2007ರಲ್ಲಿ ರಿಸಲ್ಟ್ ಹಾಕ್ತು: ಹಿಂದೆ ವಾರಕ್ಕೆ 3 ಗಂಟೆಗಿಂತ ಜಾಸ್ತಿ ಗೇಮ್ ಆಡ್ತಿದ್ದವರು ಪ್ರಾಕ್ಟೀಸ್ ಟೆಸ್ಟಿನಲ್ಲಿ 37% ಕಡಿಮೆ ತಪ್ಪು ಮಾಡಿದ್ರು, 27% ಫಾಸ್ಟ್ ಇದ್ರು.

ಸರಿ, ಈಗ ಅಪ್ಪ ಕೇಳ್ತಾರೆ, ಕೈ ಚುರುಕಿರೋರೇ ಗೇಮಿಗೆ ಹೋಗಿರಬಹುದಲ್ಲ, ಗೇಮಿಂದ್ಲೇ ಚುರುಕಾದ್ರು ಅಂತ ಹೇಗೆ ಹೇಳ್ತೀಯ? ಕರೆಕ್ಟ್ ಪ್ರಶ್ನೆ. ಅದಕ್ಕೆ 2003ರಲ್ಲಿ ಗ್ರೀನ್ ಮತ್ತು ಬವೆಲಿಯೆ ಅನ್ನೋ ಸಂಶೋಧಕರು ಗೇಮೇ ಆಡದೇ ಇರೋರನ್ನ ಹಿಡ್ಕೊಂಡ್ ಬಂದು ಕೆಲವರಿಗೆ ಮೆಡಲ್ ಆಫ್ ಆನರ್, ಅಂದ್ರೆ ಗುಂಡು ಹಾರಿಸೋ ಗೇಮು, ಇನ್ನು ಕೆಲವರಿಗೆ ಟೆಟ್ರಿಸ್ ಕೊಟ್ರು, ದಿನಕ್ಕೆ 1 ಗಂಟೆ ಹಂಗೆ 10 ದಿನ. ಗುಂಡು ಹಾರಿಸಿದೋರ ಗಮನದ ಟೆಸ್ಟ್ ಸ್ಕೋರು ಜಾಸ್ತಿ ಸುಧಾರಿಸ್ತು. ಮಗ ಕಾಲರ್ ಎತ್ಕೊಂಡ.

ತಡಿ ಗುರು, ಕಾಲರ್ ಇಳಿಸು. 2018ರಲ್ಲಿ ಒಂದೇ ಜರ್ನಲ್ಲು, ಸೈಕಲಾಜಿಕಲ್ ಬುಲೆಟಿನ್ ಅಂತ, ಹಳೇ ಸ್ಟಡಿಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದ ಎರಡು ಪೇಪರ್ ಹಾಕ್ತು. ಒಂದು, ಆಕ್ಷನ್ ಗೇಮಿಂದ ಉಪಯೋಗ ಇದೆ ಅಂತು. ಇನ್ನೊಂದು, ಗೇಮ್ ಆಡ್ಸಿ ಬುದ್ಧಿಶಕ್ತಿ ಜಾಸ್ತಿ ಮಾಡೋಕಾಗಲ್ಲ ಅಂತು. ಹಂಗಾಗಿ ಬ್ರೈನ್ ಶಾರ್ಪ್ ಆಗುತ್ತೆ ಅಂತ ಹೇಳಿ ಅಪ್ಪನ ಹತ್ರ ಪಿಎಸ್5 ಗೇಮ್ ಮಷೀನ್ ತೆಗೆಸ್ಕೊಳೋ ಪ್ಲಾನ್ ಇದ್ರೆ ಬಿಟ್ಬಿಡಿ, ಮಜಾ ಸಿಗುತ್ತೆ ಅಂತ ನೇರವಾಗಿ ಕೇಳಿ.

ನಂಗೆ ಎಲ್ಲಕ್ಕಿಂತ ಇಂಟರೆಸ್ಟಿಂಗ್ ಅನ್ಸಿದ್ದು 2022ರ ಆಕ್ಸ್‌ಫರ್ಡ್ ಸ್ಟಡಿ. ಸುಮಾರು 39 ಸಾವಿರ ಜನ, 7 ಗೇಮು, 6 ವಾರ. ಎಷ್ಟೊತ್ತು ಆಡಿದ್ರಿ ಅಂತ ಆಡೋರನ್ನ ಕೇಳ್ಲಿಲ್ಲ (ಕೇಳಿದ್ರೆ ಯಾರ್ ನಿಜ ಹೇಳ್ತಾರೆ), ಗೇಮ್ ಕಂಪನಿಗಳಿಂದ್ಲೇ ಡೇಟಾ ತಗೊಂಡ್ರು. ಜಾಸ್ತಿ ಹೊತ್ತು ಆಡಿದ್ರೆ ಮನಸ್ಸಿನ ನೆಮ್ಮದಿ ಕಮ್ಮಿ ಆಗುತ್ತಾ ಅಂತ ನೋಡಿದ್ರೆ, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ, ಹೆಚ್ಚುಕಮ್ಮಿ ಏನೂ ವ್ಯತ್ಯಾಸ ಇಲ್ಲ! ಆದ್ರೆ ಯಾಕೆ ಆಡ್ತಾರೆ ಅನ್ನೋದ್ರಲ್ಲಿ ವ್ಯತ್ಯಾಸ ಕಾಣಿಸ್ತು. ಇಷ್ಟಪಟ್ಟು ಆಡೋರು ಚೆನ್ನಾಗಿದ್ರು, ಆಡ್ಲೇಬೇಕಲ್ಲಪ್ಪಾ ಅಂತ ಆಡೋರು ಅಷ್ಟು ಚೆನ್ನಾಗಿರ್ಲಿಲ್ಲ.

ಈ "ಆಡ್ಲೇಬೇಕಲ್ಲಪ್ಪಾ" ಎಲ್ಲಿಂದ ಬರುತ್ತೆ? ತುಂಬಾ ಸಲ ಗೇಮ್ ಒಳಗಡೆನೇ ಕೂರಿಸಿರ್ತಾರೆ.

[ಸ್ಕ್ರೀನ್ ಮೇಲೆ: "ದಿನ 6, ನಾಳೆ ಬನ್ನಿ, ದೊಡ್ಡ ಬಹುಮಾನ"]

ನೋಡಿ, ಆರು ದಿನ ಲಾಗಿನ್ ಆಗಿದ್ದೀರ, ಏಳನೇ ದಿನ ಮಿಸ್ ಆದ್ರೆ ಮತ್ತೆ ಒಂದರಿಂದ. ಬ್ಯಾಟಲ್ ಪಾಸ್, ಅಂದ್ರೆ ಲೆವೆಲ್ ದಾಟಿದಂಗೆ ಬಹುಮಾನ ಕೊಡೋ ಟಿಕೆಟ್ಟು, ಇನ್ನೂ ಕಿಲಾಡಿ, ಮೊದ್ಲು ದುಡ್ಡು ನೀವೇ ಕೊಡ್ತೀರ, ಆಮೇಲೆ ಆ ದುಡ್ಡು ವೇಸ್ಟ್ ಆಗ್ಬಾರ್ದು ಅಂತ ಸೀಸನ್ ಮುಗಿಯೋಷ್ಟ್ರಲ್ಲಿ ಲೆವೆಲ್ ಎಲ್ಲ ದಾಟೋಕೆ ಕೂಲಿ ಮಾಡ್ದಂಗೆ ಆಡ್ತೀರ. ಕ್ಲಾಶ್ ಆಫ್ ಕ್ಲಾನ್ಸ್ ಆಡಿದೋರಿಗೆ ಗೊತ್ತು, ವಾರ್ ಶುರು ಆದ್ರೆ ಅಟ್ಯಾಕ್ ಮಾಡೋಕೆ 24 ಗಂಟೆ, ಮಾಡ್ಲಿಲ್ಲ ಅಂದ್ರೆ ಕ್ಲಾನ್‌ನವರು, ಅಂದ್ರೆ ನಮ್ಮ ಗುಂಪಿನೋರೇ, ಉಗೀತಾರೆ, ಅದಕ್ಕೇ ಮದುವೆ ಊಟದ ಪಂಕ್ತೀಲಿ ಎಡಗೈಲಿ ಫೋನ್ ಹಿಡ್ಕೊಂಡು ಅಟ್ಯಾಕ್ ಮಾಡೋ ಹುಡುಗ್ರು, ಪಕ್ಕದಲ್ಲಿ ಬಡಿಸೋರು ಪಾಯಸ ಹಿಡ್ಕೊಂಡು ಕಾಯ್ತಿರ್ತಾರೆ.

ಅಪ್ಪ ಅಮ್ಮಂದಿರಿಗೆ ಒಂದ್ ಮಾತು: ಆನ್‌ಲೈನ್ ಮ್ಯಾಚ್ ಮಧ್ಯದಲ್ಲಿ ನಿಲ್ಸೋಕಾಗಲ್ಲ, ಪಾಝ್ ಬಟನ್ನೇ ಇಲ್ಲ, ಎದ್ದು ಹೋದ್ರೆ ಟೀಮಲ್ಲಿರೋ ಮೂರು ಜನಕ್ಕೆ ಮೋಸ. "ಈ ಮ್ಯಾಚ್ ಆದ್ಮೇಲೆ ಇನ್ನೊಂದು ಶುರು ಮಾಡ್ಬೇಡ" ಅಂತ ಹೇಳಿ ನೋಡಿ, ಜಗಳ ಅರ್ಧ ಕಮ್ಮಿ ಆಗುತ್ತೆ.

ದುಡ್ಡು ಕಟ್ಟಿ ಆಡೋ ರಮ್ಮಿ ಆ್ಯಪ್‌ಗಳನ್ನ ನಾನು ಈ ಲೆಕ್ಕಕ್ಕೇ ತಗೊಂಡಿಲ್ಲ, ಅದು ಜೂಜು, 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆನೂ ದುಡ್ಡಿನ ಆಟವನ್ನ ಒಂದ್ ಕಡೆ, ಇ-ಸ್ಪೋರ್ಟ್ಸನ್ನ, ಅಂದ್ರೆ ವಿಡಿಯೋ ಗೇಮ್ ಪಂದ್ಯಗಳನ್ನ, ಇನ್ನೊಂದ್ ಕಡೆ ಇಟ್ಟಿದೆ.

ಹಾಗಂತ ಅಡಿಕ್ಷನ್ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟೀಲಿ ಗೇಮಿಂಗ್ ಡಿಸಾರ್ಡರ್ ಅಂತಾನೇ ಇದೆ, 2022ರಿಂದ ಜಾರೀಲಿದೆ. ಅದರಲ್ಲಿ ಇಷ್ಟು ಗಂಟೆ ಅನ್ನೋ ಲೆಕ್ಕ ಇಲ್ಲ. ನಿಲ್ಸೋಕೆ ಆಗ್ತಿಲ್ಲ, ಊಟ ನಿದ್ದೆ ಓದು ಎಲ್ಲಕ್ಕಿಂತ ಗೇಮೇ ಮುಂದೆ, ತೊಂದ್ರೆ ಆಗ್ತಿದೆ ಅಂತ ಗೊತ್ತಿದ್ರೂ ಆಡ್ತಾನೇ ಇದ್ದಾರೆ, ಇದು ಸಾಮಾನ್ಯವಾಗಿ 12 ತಿಂಗಳು ಹೀಗೇ ನಡೀತಿರ್ಬೇಕು. ರಜೇಲಿ ಎರಡು ವಾರ ಆಡಿದ್ದಕ್ಕೆ ಮಗನಿಗೆ ಆ ಹಣೆಪಟ್ಟಿ ಕಟ್ಬೇಡಿ. ನಿಜವಾಗ್ಲೂ ಕೈ ಮೀರಿದೆ ಅನ್ಸಿದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, 2014ರಿಂದ. ದೂರದ ಊರಲ್ಲಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಮುಂದಿನ ವಿಡಿಯೋ ಲೂಟ್ ಬಾಕ್ಸ್ ಬಗ್ಗೆ, ಅಂದ್ರೆ ಒಳಗೆ ಏನಿದೆ ಅಂತ ಗೊತ್ತಿಲ್ದೇ ಗೇಮಲ್ಲಿ ತೆಗೆಯೋ ಪೆಟ್ಟಿಗೆ, ಬೆಲ್ಜಿಯಂ 2018ರಲ್ಲಿ ಅದನ್ನ ಜೂಜು ಅಂತ ಯಾಕೆ ಹೇಳ್ತು ಅಂತ. ಯಾವ ಗೇಮಿನ ಬ್ಯಾಟಲ್ ಪಾಸಿಗೆ ಎಷ್ಟು ದುಡ್ಡು ಸುರಿದಿದ್ದೀರ ಅಂತ ಕಾಮೆಂಟಲ್ಲಿ ಹಾಕಿ, ಅಪ್ಪನ ಅಕೌಂಟಿಂದ ಲಾಗಿನ್ ಆಗಿದ್ರೆ ಮಾತ್ರ ಬೇಡ.