ಸಂಕ್ರಮಣಕ್ಕೆ ಇನ್ನೂ ಎಷ್ಟು ದಿನ?

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರ್. ವಿಜಯಪುರದ ಒಂದು ಆಸ್ಪತ್ರೆಯ ಗಂಡಸರ ವಾರ್ಡ್. ಇಂಡಿ ಕಡೆಯ ಒಬ್ಬ ಅಜ್ಜ ಬಂದು ವಾರವಾಗಿತ್ತು. ಹೊಟ್ಟೆಯ ಕ್ಯಾನ್ಸರ್, ಲಿವರ್‌ಗೂ ಹಬ್ಬಿತ್ತು. ಬೆಳಿಗ್ಗೆ ರೌಂಡ್ಸಿಗೆ ಬಂದ ಸಣ್ಣ ವಯಸ್ಸಿನ ಡಾಕ್ಟರರನ್ನು ಅಜ್ಜ ಕೇಳಿದ: "ಸಾಹೇಬ್ರ, ಸಂಕ್ರಮಣಕ್ಕ ಇನ್ನ ಎಷ್ಟ ದಿನ ಐತ್ರಿ?"

ಡಾಕ್ಟರು ಗೋಡೆಯ ಕ್ಯಾಲೆಂಡರ್ ನೋಡಿದರು. "22 ದಿನ ಅಜ್ಜಾ, ಜಾತ್ರಿಗೆ ಹೋಗೂಣಂತ ತಗೋ" ಅಂದು ಮುಂದಿನ ಹಾಸಿಗೆಗೆ ಹೋದರು. ಲೆಕ್ಕ ಸರಿಯಾಗೇ ಇತ್ತು. ಅಜ್ಜ ಮಾತ್ರ ನನ್ನ ಮುಖ ನೋಡಿದ. ಉತ್ತರಾಯಣ ಹುಟ್ಟುವ ತನಕ ನಾನು ಇರ್ತೀನಾ ಅಂತ ಅವನು ಕೇಳಿದ್ದ. ದಕ್ಷಿಣಾಯನದಲ್ಲಿ ಹೋಗಬಾರದು ಅನ್ನುವುದು ಅವನ ಮನಸ್ಸಿನಲ್ಲಿತ್ತು. "ನನಗೆ ಎಷ್ಟು ದಿನ ಉಳಿದಿದೆ" ಅಂತ ನಮ್ಮ ಕಡೆ ಯಾರೂ ನೇರವಾಗಿ ಕೇಳುವುದಿಲ್ಲ. ಮೊಮ್ಮಗಳ ಮದುವೆ, ಕಬ್ಬಿನ ಕಟಾವು, ಸಂಕ್ರಮಣ, ಹೀಗೆ ಯಾವುದಾದರೂ ಒಂದನ್ನು ಮುಂದೆ ಮಾಡಿ ಕೇಳುತ್ತಾರೆ.

ನಾನು 30 ವರ್ಷ ನರ್ಸ್ ಆಗಿದ್ದವಳು. ಈಗ ನಿವೃತ್ತಿ. ಕೊನೆಗಾಲದ ಆರೈಕೆಯಲ್ಲಿ ನಮ್ಮ ನಂಬಿಕೆಗಳಿಗೆ ಎಷ್ಟು ಜಾಗ ಇದೆ ಅಂತ ಮಾತಾಡಿ ಅಂದಾಗ ಮೊದಲು ನೆನಪಾದದ್ದು ಈ ಅಜ್ಜ. ಎರಡನೆಯದು ನಾನೇ ಮಾಡಿದ ಒಂದು ತಪ್ಪು. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಐಸಿಯುನಲ್ಲಿ ರಾತ್ರಿ ಡ್ಯೂಟಿ. ಬಸವನ ಬಾಗೇವಾಡಿ ಕಡೆಯ ಒಬ್ಬ ಅಜ್ಜಿಯನ್ನು ತಂದರು. ಉಸಿರು ಏರುತ್ತಿತ್ತು, ಮಾತು ನಿಂತಿತ್ತು. ಮೈಮೇಲಿನ ಒಡವೆ ತೆಗೆದು ಮನೆಯವರಿಗೆ ಕೊಡಬೇಕು, ಸಹಿ ತಗೋಬೇಕು, ಅದು ನಿಯಮ. ನಾನು ಬಳೆ ತೆಗೆದೆ, ಕಾಲುಂಗುರ ತೆಗೆದೆ, ಕೊರಳಲ್ಲಿದ್ದ ಬೆಳ್ಳಿಯ ಗುಂಡಗಡಗಿಯನ್ನೂ, ಅಂದರೆ ಇಷ್ಟಲಿಂಗ ಇಡುವ ಕರಡಿಗೆಯನ್ನೂ, ಶಿವದಾರದ ಸಮೇತ ತೆಗೆದೆ. ಹೊರಗೆ ಆ ಹೊತ್ತಿಗೆ ಮನೆಯವರು ಯಾರೂ ಇರಲಿಲ್ಲ. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹಾಸಿಗೆ ನಂಬರ್ ಬರೆದು, ಡ್ರಾವರಿನಲ್ಲಿಟ್ಟು ಕೀಲಿ ಹಾಕಿದೆ.

ಅಜ್ಜಿ ರಾತ್ರಿಯೆಲ್ಲ ಎದೆ ತಡಕಿದಳು. ಕೈ ಕೊರಳಿಗೆ ಹೋಗುತ್ತಿತ್ತು, ಅಲ್ಲಿ ಏನೂ ಸಿಗದೆ ಹಾಸಿಗೆಯಲ್ಲಿ ಹುಡುಕುತ್ತಿತ್ತು. ಇಸಿಜಿ ವೈರು ಕಿತ್ತು ಬರುತ್ತಿತ್ತು. ಭ್ರಮೆ ಆಗಿದೆ ಅಂದುಕೊಂಡೆವು. ಐಸಿಯುನಲ್ಲಿ ವಯಸ್ಸಾದವರಿಗೆ ಅದು ಆಗುವುದೂ ಉಂಟು. ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಯನ್ನು ಮಂಚಕ್ಕೆ ಕಟ್ಟಿದೆವು. ಕಟ್ಟಿದ್ದು ನಾನೇ. ಬೆಳಗಿನ ಜಾವ ಅಜ್ಜಿ ಹೋದಳು.

ಮಗ ಬಂದ. ಜಗಳ ಮಾಡಲಿಲ್ಲ. ಚೀಲ ಬಿಚ್ಚಿ ನೋಡಿ, "ಹುಟ್ಟಿದಾಗ ಕಟ್ಟಿದ್ದು ಸಿಸ್ಟರ್, ಒಂದ ದಿನಾ ಬಿಚ್ಚಿದ್ದಿಲ್ಲ" ಅಂದ. ಅಷ್ಟೇ. ನಾನೂ ಲಿಂಗ ಕಟ್ಟಿದವರ ಮನೆಯ ಮಗಳೇ. ಆದರೂ ಯೂನಿಫಾರ್ಮ್ ಹಾಕಿಕೊಂಡ ಮೇಲೆ ಅದು ನನ್ನ ಕಣ್ಣಿಗೆ ಒಡವೆಯಾಗಿ ಕಂಡಿತ್ತು.

ಆಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ಬೆಳ್ಳಿಯನ್ನು ಮನೆಯವರ ಕೈಗೆ ಕೊಡುವುದು, ಲಿಂಗವನ್ನು ತೆಳು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುವುದು. ಬಿಪಿ ಪಟ್ಟಿ, ಸಲೈನ್ ಎಲ್ಲ ಇನ್ನೊಂದು ಕೈಗೆ. ಒಂದು ನಿಮಿಷದ ಕೆಲಸ. ಇದನ್ನು ಹೇಳಿಕೊಟ್ಟವಳು ಇನ್ನೊಬ್ಬ ಅಜ್ಜಿ. ಕೈ ಅಡ್ಡ ಹಿಡಿದು, "ಬೆಳ್ಳಿ ಒಯ್ಯವ್ವಾ, ಲಿಂಗಪ್ಪನ್ನ ಬಿಡು" ಅಂದಿದ್ದಳು. ಮಾತಾಡುವ ಶಕ್ತಿ ಇದ್ದದ್ದಕ್ಕೆ ಹೇಳಿದಳು. ಮಾತು ನಿಂತವರ ಪರವಾಗಿ ಯಾರು ಹೇಳಬೇಕು? ಮೊದಲೇ ಕೇಳಿಟ್ಟುಕೊಂಡವರು ಹೇಳಬೇಕು, ಅಲ್ವಾ?

ಈಗ ಕೆಲವು ಆಸ್ಪತ್ರೆಗಳಲ್ಲಿ ಲಿಂಗಾಯತರಿಗೆ ಹೀಗೆ, ಮುಸಲ್ಮಾನರಿಗೆ ಹೀಗೆ, ಜೈನರಿಗೆ ಹೀಗೆ ಅಂತ ಪಟ್ಟಿ ಮಾಡಿಡುತ್ತಾರೆ. ಒಳ್ಳೆಯ ಉದ್ದೇಶ. ಆದರೆ ನನಗೆ ಆ ಪಟ್ಟಿಯ ಮೇಲೆ ಅಷ್ಟು ನಂಬಿಕೆ ಇಲ್ಲ. ಇಂಡಿಯ ಅಜ್ಜನನ್ನೇ ನೋಡಿ. ಅವನೂ ಲಿಂಗವಂತ. ಶರಣರು ಒಳ್ಳೆಯ ದಿನ, ಕೆಟ್ಟ ದಿನ ಅನ್ನುವುದನ್ನೇ ಒಪ್ಪಲಿಲ್ಲ. "ಮರಣವೇ ಮಹಾನವಮಿ" ಅನ್ನುವ ಮಾತು ಅವರ ಪರಂಪರೆಯದೇ. ಪಟ್ಟಿಯ ಪ್ರಕಾರ ಅವನಿಗೆ ಉತ್ತರಾಯಣದ ಹಂಗು ಇರಬಾರದು. ಅವನಿಗೆ ಇತ್ತು, ಏನು ಮಾಡುತ್ತೀರಿ? ಅಡ್ಡಹೆಸರು ನೋಡಿ ಮನಸ್ಸನ್ನು ಊಹಿಸಲು ಬರುವುದಿಲ್ಲ.

ಇದಕ್ಕೆ ನಮ್ಮೂರಿನಲ್ಲೇ ದೊಡ್ಡ ಉದಾಹರಣೆ ಇದೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ನಮ್ಮ ಕಡೆ ಸ್ವಾಮಿಗಳು ಲಿಂಗೈಕ್ಯರಾದರೆ ಸಮಾಧಿ, ಅದರ ಮೇಲೆ ಗದ್ದುಗೆ, ಇದು ರೂಢಿ. ಅಪ್ಪಾವರು 2014ರಲ್ಲೇ ಒಂದು ಪತ್ರ ಬರೆದಿಟ್ಟಿದ್ದರು. ದೇಹವನ್ನು ಮಣ್ಣಿನಲ್ಲಿ ಇಡಬೇಡಿ, ಅಗ್ನಿಗೆ ಕೊಡಿ. ಶ್ರಾದ್ಧ ಬೇಡ. ಸ್ಮಾರಕ ಬೇಡ. ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ. 2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿನ ಅವರು ಹೋದರು. ಊರಿನ ರಸ್ತೆಗಳೆಲ್ಲ ಜನರಿಂದ ತುಂಬಿದ್ದು ನಿಮಗೆ ನೆನಪಿರಬಹುದು. ಅಷ್ಟು ಲಕ್ಷ ಭಕ್ತರಿದ್ದರೂ ಮರುದಿನ ಆಶ್ರಮದ ಆವರಣದಲ್ಲೇ ಬೆಂಕಿ ಕೊಟ್ಟರು. ಗೊಂದಲ ಆಗಲಿಲ್ಲ. ಕಾಗದ ಇತ್ತಲ್ಲ. ಅದಿಲ್ಲದಿದ್ದರೆ ಪ್ರೀತಿಯಿಂದಲೇ ಅವರ ಮಾತು ಮುರಿಯುತ್ತಿದ್ದೆವೋ ಏನೋ.

ಅವರದು ಸತ್ತ ಮೇಲಿನ ಮಾತು. ಸಾಯುವ ಮೊದಲಿನ ಚಿಕಿತ್ಸೆಯ ಬಗ್ಗೆಯೂ ಹೀಗೆ ಬರೆದಿಡಬಹುದು. ಲಿವಿಂಗ್ ವಿಲ್ ಅನ್ನುತ್ತಾರೆ. ವಿಲ್ ಅಂದ ಕೂಡಲೇ ನಮ್ಮಲ್ಲಿ ಅಣ್ಣತಮ್ಮಂದಿರು ಹೊಲದ ಪಾಲು ಅಂದುಕೊಂಡು ಕಿವಿ ನಿಮಿರಿಸುತ್ತಾರೆ. ಇದರಲ್ಲಿ ಹೊಲ ಮನೆ ಬರುವುದಿಲ್ಲ. ಗುಣವಾಗುವ ಆಸೆ ಇಲ್ಲದ ಹಂತಕ್ಕೆ ನಾನು ಬಂದರೆ, ನನಗೆ ಮಾತಾಡಲು ಆಗದಿದ್ದರೆ, ವೆಂಟಿಲೇಟರ್ ಹಾಕಬೇಕೋ ಬೇಡವೋ, ಮೂಗಿನ ನಳಿಕೆ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವುದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಒಪ್ಪಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಯಾರು ಅಲೆದಾಡುತ್ತಾರೆ? 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲ ಮಾಡಿತು. ಈಗ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ನಿಮ್ಮ ಪರವಾಗಿ ಮಾತಾಡುವವರ ಹೆಸರು ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಹೆಸರು ಕೊಟ್ಟರೆ ಒಳ್ಳೆಯದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ನಮ್ಮ ಕರ್ನಾಟಕ ಸರ್ಕಾರವೂ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು.

ಇದರ ಅರ್ಥ ಡಾಕ್ಟರು ಇಂಜೆಕ್ಷನ್ ಕೊಟ್ಟು ಸಾಯಿಸುತ್ತಾರೆ ಅಂತಲ್ಲ. ಅದು ಇವತ್ತಿಗೂ ಅಪರಾಧ. ಚಿಕಿತ್ಸೆ ನಿಲ್ಲಿಸುವ ಮೊದಲು ಎರಡು ವೈದ್ಯರ ಮಂಡಳಿಗಳು ಒಪ್ಪಬೇಕು. ಎರಡನೆಯದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಗೊತ್ತು ಮಾಡಿದ ವೈದ್ಯರೊಬ್ಬರು ಇರುತ್ತಾರೆ. ಮನೆಯವರ ಒಪ್ಪಿಗೆಯೂ ಬೇಕು. ಈ ಕಾಗದದ ಕೊನೆಗೆ ಇನ್ನೂ ನಾಲ್ಕು ಸಾಲು ಬರೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊರಳಲ್ಲಿ ಏನು ಇರಬೇಕು, ಬಾಯಿಗೆ ಯಾವ ನೀರು, ಹತ್ತಿರ ಯಾರು, ಮನೆಯೋ ಆಸ್ಪತ್ರೆಯೋ.

ಮನೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. "ಜೀವ ಇದ್ದಾಗ ಮನೀಗೆ ಒಯ್ಯೂಣ" ಅನ್ನುವುದು ನಮ್ಮ ಕಡೆ ಎಲ್ಲ ಜಾತಿಯವರ ಮಾತು. ಸಿಂದಗಿ ಇಲ್ಲಿಂದ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಉಸಿರು ಹಿಡಿದು ಒಯ್ಯುತ್ತಾರೆ. ಕಾರಣವೂ ಇದೆ. ಲಿಂಗವಂತರು ದೇಹವನ್ನು ಕೂಡಿಸಿ ಮಣ್ಣು ಮಾಡಬೇಕು. ಜೀವ ಹೋದ ಕೆಲವೇ ತಾಸಿನಲ್ಲಿ ಮೈ ಸೆಟೆಯುತ್ತದೆ. ಅಷ್ಟರೊಳಗೆ ಕಾಲು ಮಡಚಿ ಕೂಡಿಸಬೇಕು. ಆಸ್ಪತ್ರೆಯ ಬಿಲ್ಲು, ಕಾಗದ, ಶವಾಗಾರ ಅಂತ ತಡವಾದರೆ ಮನೆಯವರು ಒದ್ದಾಡುತ್ತಾರೆ. ಆ ಒದ್ದಾಟ ನೋಡಲು ಆಗುವುದಿಲ್ಲ. ಮುಸಲ್ಮಾನರಿಗೂ ಬೇಗ ದಫನ್ ಆಗಬೇಕು.

ಆದರೆ ಒಯ್ಯುವ ರೀತಿ ತಪ್ಪಾಗುತ್ತಿದೆ. ಡಾಕ್ಟರಿಗೆ ಹೇಳಲು ಸಂಕೋಚ. ಕೊನೆಗೆ ಗದ್ದಲ ಮಾಡಿ, ವೈದ್ಯರ ಸಲಹೆ ಮೀರಿ ಹೋಗುತ್ತಿದ್ದೇವೆ ಅಂತ ಸಹಿ ಹಾಕಿ ಹೊರಡುತ್ತಾರೆ. ಹಾಗೆ ಹೋದವರ ಕೈಯಲ್ಲಿ ಎಷ್ಟೋ ಸಲ ನೋವಿನ ಒಂದು ಮಾತ್ರೆಯೂ ಇರುವುದಿಲ್ಲ. ಮನೆಗೆ ಹೋದ ಕೂಡಲೇ ಜೀವ ಹೋಗುತ್ತದೆ ಅಂದುಕೊಂಡಿರುತ್ತಾರೆ. ಜೀವ ಮೂರು ದಿನ ಇರುತ್ತದೆ. ಆ ಮೂರು ದಿನದ ನೋವು ಇಡೀ ಓಣಿಗೆ ಕೇಳುತ್ತದೆ. ಎರಡು ದಿನ ಮೊದಲೇ ಕೂತು "ನಮಗೆ ಮನೆಗೆ ಒಯ್ಯುವ ಇಚ್ಛೆ ಇದೆ, ಏನೇನು ತಯಾರಿ ಬೇಕು" ಅಂತ ಕೇಳಿ. ಔಷಧ, ಮೂತ್ರದ ನಳಿಕೆ, ಮಗ್ಗಲು ಬದಲಿಸುವ ರೀತಿ ಎಲ್ಲ ಹೇಳಿಕೊಟ್ಟು ಕಳಿಸಬಹುದು. ಡಾಕ್ಟರುಗಳಿಗೂ ಒಂದು ಮಾತು. ಮನೆಗೆ ಒಯ್ಯುತ್ತೇವೆ ಅಂದವರನ್ನು ಅಪರಾಧಿಗಳ ಹಾಗೆ ನೋಡಬೇಡಿ.

ಎಲ್ಲರಿಗೂ ಮನೆಯೇ ಬೇಕು ಅಂತಲೂ ಇಲ್ಲ. ಬಾಡಿಗೆ ಮನೆಯಲ್ಲಿ ಸಾವಾದರೆ ಮಾಲೀಕರು ಮುಖ ಗಂಟು ಹಾಕುತ್ತಾರೆ. ಕೆಟ್ಟ ನಕ್ಷತ್ರದಲ್ಲಿ ಹೋದರೆ ಮನೆ ಬಿಡಬೇಕು ಅನ್ನುವ ಹೆದರಿಕೆ ಬೇರೆ. ಅಂಥವರು ಆಸ್ಪತ್ರೆಯಲ್ಲೇ ಇರಲಿ ಅಂದರೆ, ಮಗನಿಗೆ ಪ್ರೀತಿ ಇಲ್ಲ ಅಂತ ಅರ್ಥ ಮಾಡಬಾರದು.

ಇನ್ನು ಬಾಯಿಗೆ ನೀರು ಬಿಡುವುದು. ಗಂಗಾಜಲ, ಝಮ್‌ಝಮ್ ನೀರು, ಪಾದೋದಕ, ಹೆಸರು ಬೇರೆ ಬೇರೆ. ನುಂಗಲು ಆಗದವರಿಗೆ ಚಮಚದಲ್ಲಿ ಹೊಯ್ದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಹಾಗಂತ ಬೇಡವೇ ಬೇಡ ಅನ್ನಬೇಕಿಲ್ಲ. ಹತ್ತಿ ಅದ್ದಿ ತುಟಿ, ನಾಲಿಗೆ ತೇವ ಮಾಡಿ. ಒಣಗಿದ ಬಾಯಿಗೆ ನಾವು ನರ್ಸುಗಳೂ ಅದನ್ನೇ ಮಾಡುತ್ತೇವೆ. "ಸಲೈನ್ ನಿಲ್ಲಿಸಿದರೆ ಉಪವಾಸ ಕೆಡವಿದ ಹಾಗೆ ಆಗ್ತದ" ಅಂತ ಅಳುವವರು ಜಾಸ್ತಿ. ಕೊನೆಯ ದಿನಗಳಲ್ಲಿ ದೇಹವೇ ಹಸಿವು ಬಿಡುತ್ತದೆ. ಬಲವಂತವಾಗಿ ನೀರು ಏರಿಸಿದರೆ ಕೈಕಾಲು ಬಾಯಬಹುದು, ಗಂಟಲಲ್ಲಿ ಗೊರಗೊರ ಹೆಚ್ಚಾಗಬಹುದು.

ಜೈನರಲ್ಲಿ ಊಟ ನೀರು ಬಿಡುವುದೇ ವ್ರತ. ಪಕ್ಕದ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿ 18ರಂದು ಛತ್ತೀಸಗಡದ ಡೋಂಗರಗಢದಲ್ಲಿ ಸಲ್ಲೇಖನದಿಂದಲೇ ದೇಹ ಬಿಟ್ಟರು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತ್ತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಮಾರ್ಫಿನ್ ಅಂದರೆ ಮಾತ್ರ ಎಲ್ಲ ಧರ್ಮದವರೂ ಒಂದೇ ಥರ ಹೆದರುತ್ತಾರೆ. ಅಫೀಮಿನಿಂದ ಬಂದದ್ದು, ನಶೆ ಏರುತ್ತದೆ, ಕೊನೆಗೆ ದೇವರ ಹೆಸರು ಹೇಳಲೂ ಎಚ್ಚರ ಇರುವುದಿಲ್ಲ ಅಂತ. ಒಬ್ಬ ಬೀಬಿ ನನಗೆ ಹಾಗೇ ಅಂದರು, "ಕಲಿಮಾ ಹೇಳೂ ಹೊತ್ತಿಗೆ ನಿದ್ದಿ ಹತ್ತಿದ್ರ?" ನಾನು ಅವರ ಗಂಡನಿಗೆ ಮಸೀದಿಯ ಮೌಲ್ವಿಯವರನ್ನು ಕೇಳಿ ಬನ್ನಿ ಅಂದೆ. ನೋವಿಗೆ ಔಷಧವಾಗಿ ಆದರೆ ತಪ್ಪಿಲ್ಲ ಅಂತ ಹೇಳಿ ಕಳಿಸಿದರು. ಸಣ್ಣ ಪ್ರಮಾಣದಿಂದ ಶುರು ಮಾಡಿದರೆ ಮೊದಲ ಒಂದೆರಡು ದಿನ ಮಂಪರು, ಆಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಗೇ ಔಷಧ ಬೇಕು. ಎರಡು ದಿನದ ಮೇಲೆ ಬೀಬಿ ಎದ್ದು ಕೂತು ತಸ್ಬಿ ಎಣಿಸುತ್ತಿದ್ದರು. ಕೊನೆಗೆ ಮಂಚವನ್ನು ಪಶ್ಚಿಮಕ್ಕೆ ತಿರುಗಿಸಿ ಅಂದರು. ಮಂಚಕ್ಕೆ ಗಾಲಿ ಇತ್ತು, ತಿರುಗಿಸಿದೆವು. ಆಕ್ಸಿಜನ್ ಪೈಪು ಎರಡು ಅಡಿ ಸಾಲಲಿಲ್ಲ. ಸ್ಟೋರಿನಿಂದ ಒಂದು ತುಂಡು ತಂದು ಜೋಡಿಸಿದೆವು.

ಈ ಮಾತನ್ನೆಲ್ಲ ಮನೆಯಲ್ಲಿ ಯಾವಾಗ ತೆಗೆಯಬೇಕು ಅಂತ ಕೇಳುತ್ತೀರಿ. ಹಬ್ಬದ ದಿನ ತೆಗೆದರೆ ಬೈಸಿಕೊಳ್ಳುತ್ತೀರಿ. ಯಾರದೋ ಮಣ್ಣಿಗೆ ಹೋಗಿ ಬಂದ ದಿನ ನೋಡಿ. ಸ್ನಾನ ಮಾಡಿ, ಚಹಾ ಕುಡಿಯುತ್ತಾ ಹಿರಿಯರು ಕಟ್ಟೆಯ ಮೇಲೆ ಕೂತಾಗ ತಾವಾಗೇ ಒಂದು ಮಾತು ಬಿಡುತ್ತಾರೆ. "ಅವಂಗ ಮೈತುಂಬ ನಳಿಗಿ ಹಾಕಿದ್ರಂತ, ನನಗ ಹಂಗ ಮಾಡಬ್ಯಾಡ್ರಪಾ." ನಾವು ಏನು ಮಾಡುತ್ತೇವೆ? "ಸುಮ್ಮ ಕೂಡ್ರಪಾ, ಏನ ಅಪಶಕುನ ಮಾತು" ಅಂತ ಬಾಯಿ ಮುಚ್ಚಿಸುತ್ತೇವೆ. ಮುಚ್ಚಿಸಬೇಡಿ. "ಹಂಗಾರ ಹೆಂಗ ಮಾಡಬೇಕು?" ಅಂತ ಒಂದು ಪ್ರಶ್ನೆ ಕೇಳಿ ನೋಡಿ.

ಇಂಡಿಯ ಅಜ್ಜನ ಮಂಚದ ಪಕ್ಕ ನಾನು ಅವತ್ತು ಮಧ್ಯಾಹ್ನ ಕೂತೆ. "ಅಜ್ಜಾ, ಸಂಕ್ರಮಣ ದಾಟೂದು ಕಷ್ಟ ಅನಸ್ತದ" ಅಂದೆ. ದೊಡ್ಡ ಡಾಕ್ಟರನ್ನು ಕೇಳಿಯೇ ಹೇಳಿದ್ದು. ಅಜ್ಜ ಸ್ವಲ್ಪ ಹೊತ್ತು ಕಿಟಕಿ ನೋಡಿದ. "ಹಂಗಾರ ಇಲ್ಲಿ ಯಾಕ ಕೂಡ್ರೂದು? ಹೊಲದ ಮನೀಗೆ ಒಯ್ಯಾಕ ಹೇಳು. ಆಕಿ ಅಲ್ಲೇ ಅದಾಳ" ಅಂದ. ಹೆಂಡತಿಯನ್ನು ಆ ಹೊಲದಲ್ಲೇ ಮಣ್ಣು ಮಾಡಿದ್ದರು. ಮೂರನೇ ದಿನ ಮಾತ್ರೆ, ಚೀಟಿ ಎಲ್ಲ ಕೊಟ್ಟು ಕಳಿಸಿದೆವು.

ಸಂಕ್ರಮಣಕ್ಕೆ ನಾಲ್ಕು ದಿನ ಇರುವಾಗ ಅಜ್ಜ ಹೋದ. ಮಗ ಫೋನ್ ಮಾಡಿ ಹೇಳಿದ, ನೋವು ಅಷ್ಟಾಗಿ ಇರಲಿಲ್ಲ, ಹಿಂದಿನ ರಾತ್ರಿ ಓಣಿಯವರೆಲ್ಲ ಬಂದು ಭಜನಿ ಮಾಡಿದರು ಅಂತ. ಆಮೇಲೆ ಕೇಳಿದ, "ಸಿಸ್ಟರ್, ಗುಳಿಗಿ ಉಳದಾವ. ಒಗೀಲೇನು?" ಮಾರ್ಫಿನ್ ಹಾಗೆ ಒಗೆಯಬಾರದು, ವಾಪಸ್ ತಂದುಕೊಡು ಅಂದೆ. ಜಾತ್ರೆ ಮುಗಿದ ಮರುದಿನ ಬಂದ. ಒಂದು ಕೈಯಲ್ಲಿ ಮಾತ್ರೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಒಂದು ಚೀಲ ಲಿಂಬಿಹಣ್ಣು. 14 ಮಾತ್ರೆ ಇದ್ದವು. ಎಣಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡೆ.

ನಮಸ್ಕಾರ.